ನೆಲ್ಲಿನ ಊರಿನಿಂದ ಕಲ್ಲಿನ ಊರಿಗೆ

ಸುಗ್ಗಿ ದಿನಗಳಲ್ಲಿ ಸಿಂಧನೂರಿನ ಗಂಜ್, ಅಂದರೆ ಧಾನ್ಯದ ಮಾರುಕಟ್ಟೆ, ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಚೀಲ ಹೇರಿದ ಟ್ರ್ಯಾಕ್ಟರಿನ ಬೆನ್ನು ಹತ್ತಿದರೆ ಸಾಕು. ಇಲ್ಲಿ ಭತ್ತಕ್ಕೆ ನೆಲ್ಲು ಎನ್ನುತ್ತಾರೆ. ಧಾರಣೆ ಕೇಳಿದರೆ ಕ್ವಿಂಟಲ್ ಮಾತು ಬಿಟ್ಟು 75 ಕೆ.ಜಿ. ಚೀಲದ ಲೆಕ್ಕ ಹೇಳುತ್ತಾರೆ. ಪೇಟೆಯ ಅರ್ಧ ಮಾತುಕತೆ ಆ ಒಂದು ಅಂಕಿಯ ಸುತ್ತಲೇ.

ಈ ಸಿರಿ ಮೂರು ತಲೆಮಾರಿನದು, ಅಷ್ಟೇ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿ, ಎಡದಂಡೆ ಕಾಲುವೆಗೆ ನೀರು ಬರುವ ಮುಂಚೆ ಇದು ಜೋಳ, ಹತ್ತಿ ಬೆಳೆಯುವ ಎರೆಭೂಮಿ. ಮುಗಿಲು ನೋಡುವ ಬದುಕು. ನೀರಿನ ಹಿಂದೆಯೇ ಆಂಧ್ರದ ರೈತರು ಬಂದರು. ಅವರು ಬೀಡುಬಿಟ್ಟ ಜಾಗಗಳಿಗೆ ‘ಕ್ಯಾಂಪ್’ ಎಂಬ ಹೆಸರು ಅಂಟಿ, ಊರುಗಳಾದ ಮೇಲೂ ಉಳಿದಿದೆ. ಪೂರ್ವ ಬಂಗಾಳದ ನಿರಾಶ್ರಿತರಿಗೂ ಇದೇ ತಾಲ್ಲೂಕಿನಲ್ಲಿ ನೆಲೆ ಸಿಕ್ಕಿತು. ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಕಿವಿಗೆ ಬೀಳುವ ಪೇಟೆ ರಾಜ್ಯದಲ್ಲಿ ಎಷ್ಟಿವೆ? 2024ರ ಆಗಸ್ಟ್‌ನ ಒಂದು ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಈ ಎಲ್ಲ ಭಾಷೆಗಳ ಚಿಂತೆಯೂ ಒಂದೇ ಆಗಿತ್ತು: ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ.

ಲಿಂಗಸುಗೂರಿನ ಹೆದ್ದಾರಿ ಹಿಡಿದು ಹೊರಟರೆ ಹಸಿರು ತೆಳುವಾಗುತ್ತ, ಬಂಡೆ ಗುಡ್ಡಗಳು ಎದುರಾಗುತ್ತವೆ. ಅದು ಮಸ್ಕಿ. ಈ ಸೀಮೆಯ ಎಷ್ಟೋ ಹೊಲಗಳಿಗೆ ಕಾಲುವೆ ಇನ್ನೂ ಬೇಡಿಕೆಯ ಮಾತು. 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಮಲ್ಲಿಕಾರ್ಜುನನ ಬೆಟ್ಟಕ್ಕೆ ಭಕ್ತರ ಸಾಲು ಇರುತ್ತದೆ. ದುರ್ಗದ ಗುಡ್ಡದಲ್ಲಿರುವ ಅಶೋಕನ ಶಾಸನದ ಬಂಡೆಗೆ ಬರುವವರು ಕಡಿಮೆ. ನನಗೇನೋ, ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಲ್ಲಿ ಒಂದೇ ಕಡೆ ಇಳಿಯಲು ಹೊತ್ತಿದ್ದರೆ ಇಲ್ಲೇ ಇಳಿಯಬೇಕು ಅನ್ನಿಸುತ್ತದೆ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ್ದೇನೋ ಸರಿ, ಆದರೆ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ. ಆತ ಅಶೋಕನೇ ಎಂಬುದು ಸಿಂಹಳದ ಬೌದ್ಧ ಗ್ರಂಥಗಳನ್ನು ನಂಬಿ ಮಾಡಿದ ಊಹೆ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಅಕ್ಷರಗಳು ಬಿದ್ದವು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದಾಗ ಅಲ್ಲಿ ‘ಅಸೋಕ’ ಎಂಬ ಹೆಸರೇ ಇತ್ತು! ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ನಮ್ಮದೇ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲ ಸಾಕ್ಷಿ ಮಸ್ಕಿಯದೇ. ಧರ್ಮದ ಹಾದಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವನಿಗೂ ಎಟುಕುತ್ತದೆ ಎಂಬುದು ಆ ಪ್ರಾಕೃತ ಶಾಸನದ ತಾತ್ಪರ್ಯ. ಶಾಸನಕ್ಕಿಂತ ಊರು ಎಷ್ಟೋ ಹಳೆಯದು: 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗ-ತಾಮ್ರಯುಗದ ಬದುಕಿನ ಕುರುಹುಗಳು, ಅವುಗಳ ಮೇಲೆ ಬೃಹತ್ ಶಿಲಾಯುಗದ ಗೋರಿಗಳು ಸಿಕ್ಕವು.

ಲಿಂಗಸುಗೂರಿನ ಕಥೆ ಇಳಿಮುಖದ್ದು. ಹೈದರಾಬಾದ್ ಕಂಟಿಂಜೆಂಟ್ ಸೇನೆ ಬೀಡುಬಿಟ್ಟಿದ್ದರಿಂದ ಇದಕ್ಕೆ ಛಾವಣಿ ಎಂಬ ಹೆಸರೂ ಇತ್ತು. ನಿಜಾಮರ ಕಾಲದಲ್ಲಿ ಇದು ಜಿಲ್ಲಾ ಕೇಂದ್ರ. 1905ರಲ್ಲಿ ಜಿಲ್ಲೆಯೇ ರದ್ದಾಗಿ ಊರು ರಾಯಚೂರು ಜಿಲ್ಲೆಗೆ ಸೇರಿತು. ಈಗ ಬಹುಪಾಲು ಜನ ಇಲ್ಲಿ ಬಸ್ಸು ಬದಲಿಸುತ್ತಾರೆ. ಒಂದು ಬಸ್ಸು ಹಟ್ಟಿಗೆ ಹೋಗುತ್ತದೆ. ಬೀಡನ್ ಅರಸುತ್ತಿದ್ದ ಚಿನ್ನವನ್ನು ಅಲ್ಲಿ ಇವತ್ತಿಗೂ ನೆಲದಾಳದಿಂದ ಎತ್ತುತ್ತಿದ್ದಾರೆ. ಇನ್ನೊಂದು ಬಸ್ಸು ಮುದಗಲ್ಲಿಗೆ. 1406ರಲ್ಲಿ ಅಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ವಿಜಯನಗರದ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಾಹನಿಗೂ ಯುದ್ಧವಾಯಿತೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಈ ಎರೆಭೂಮಿಯ ಕಂದಾಯ ಎಷ್ಟೆಂದು ಬಲ್ಲವರಿಗೆ ಆ ಕಥೆ ನಂಬುವುದು ಸ್ವಲ್ಪ ಕಷ್ಟ. ಮುದಗಲ್ಲಿನ ಕೋಟೆಯನ್ನು ಆರಾಮಾಗಿ ಸುತ್ತಬೇಕೆಂದರೆ ಜನ ಕಿಕ್ಕಿರಿಯುವ ಮೊಹರಂ ಬಿಟ್ಟು ಬೇರೆ ದಿನ ಹೋಗಿ. ಊರು ಕಾಣಬೇಕೆಂದರೆ ಮೊಹರಮಿಗೇ ಹೋಗಿ.