ಎರಡು ದಿನದ ಬೆಂಗಳೂರು: ದೇಹ ದಣಿಯದಂತೆ ನೋಡಿ ಬರುವ ಬಗೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಂದ ಬೆಂಗಳೂರಿಗೆ ಹೋಗಿಬರುವ ಸದ್ಭಕ್ತರು ಅನೇಕರು. ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿರುತ್ತಾರೆ, ಮದುವೆ ಇರುತ್ತದೆ, ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಕೊಳ್ಳಬೇಕಾಗಿರುತ್ತದೆ. ಹೋದವರು ಹಾಗೆಯೇ ಲಾಲ್‌ಬಾಗ್, ವಿಧಾನಸೌಧಗಳನ್ನೂ ನೋಡಿ ಬರೋಣವೆಂದು ಆಶಿಸುವುದು ಸಹಜ. ತೋಟದ ಕೆಲಸ, ಹಟ್ಟಿಯ ದನಕರುಗಳ ಚಿಂತೆಯಿಂದ ಎರಡು ದಿನಕ್ಕಿಂತ ಹೆಚ್ಚು ಮನೆ ಬಿಟ್ಟಿರಲು ಸಾಧ್ಯವಾಗದೆ, ಒಂದು ರಾತ್ರಿ ಬಸ್ಸೇರಿ, ಹಗಲೆಲ್ಲ ಸುತ್ತಿ, ಮರುರಾತ್ರಿಯೇ ಬಸ್ಸಿನಲ್ಲಿ ಹಿಂದಿರುಗುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಇಪ್ಪತ್ತೈದರ ಪ್ರಾಯದವರು ಇದನ್ನು ತಡೆದುಕೊಳ್ಳಬಹುದು. ಅರವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರಿಗೆ ಇದು ಸಲ್ಲದು.

ಮೊದಲನೆಯದಾಗಿ ರಾತ್ರಿಯ ಪ್ರಯಾಣವನ್ನು ವಿಚಾರಿಸೋಣ. ಉಪ್ಪಿನಂಗಡಿಯಿಂದ ಶಿರಾಡಿಯ ಮೂಲಕ ಹೋಗಲಿ, ಸುಳ್ಯದಿಂದ ಸಂಪಾಜೆ, ಮಡಿಕೇರಿ, ಮೈಸೂರಿನ ಮೂಲಕ ಹೋಗಲಿ, ದಾರಿ ಸುಮಾರು 300 ಕಿಲೋಮೀಟರು. ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಬಸ್ಸಿನ ಮುಂಭಾಗದ ಆಸನವನ್ನು ಕಾಯ್ದಿರಿಸಿಕೊಳ್ಳುವುದು, ಹೊರಡುವ ಮುನ್ನ ಎಣ್ಣೆಯ ಪದಾರ್ಥಗಳನ್ನು ಬಿಟ್ಟು ಸ್ವಲ್ಪ ಗಂಜಿಯನ್ನಷ್ಟೇ ಸೇವಿಸುವುದು, ತಿರುವುಗಳಲ್ಲಿ ಮೊಬೈಲ್ ನೋಡದಿರುವುದು ಹಿತಕರ. ವಾಂತಿ ತಡೆಯುವ ಮಾತ್ರೆಗಳನ್ನು ಅಂಗಡಿಯಿಂದ ಕೇಳಿ ತಂದು ನುಂಗುವ ಅಭ್ಯಾಸವಿದೆ. ಇವುಗಳಲ್ಲಿ ಬಹುತೇಕವು ನಿದ್ರೆಯ ಮಂಪರು ತರುತ್ತವೆ. ಕೆಲವು ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ವೃದ್ಧರಲ್ಲಿ ಮೂತ್ರ ಕಟ್ಟುವಂತೆ ಮಾಡಬಲ್ಲವು. ಆದ್ದರಿಂದ ಮನೆಯ ವೈದ್ಯರನ್ನು ಕೇಳದೆ ಹಿರಿಯರಿಗೆ ಕೊಡಬಾರದು.

ಬಸ್ಸಿನಲ್ಲಿ ಏಳೆಂಟು ಗಂಟೆ ಕಾಲು ಇಳಿಬಿಟ್ಟು ಕುಳಿತರೆ ಪಾದಗಳು ಊದಿಕೊಳ್ಳುತ್ತವೆ. ಇದು ಸಾಮಾನ್ಯವಾಗಿ ಮಲಗಿ ಎದ್ದರೆ ಇಳಿಯುತ್ತದೆ. ಆದರೆ ದೀರ್ಘಕಾಲ ಚಲನೆಯಿಲ್ಲದ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಉಂಟು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು, ಸ್ಥೂಲಕಾಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವಿಶೇಷವಾಗಿ ಎಚ್ಚರಿಕೆ ವಹಿಸಬೇಕು. ಎಚ್ಚರವಿರುವಾಗಲೆಲ್ಲ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರುವುದು, ಬಸ್ಸು ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯುವುದು, ಸಾಧ್ಯವಿದ್ದಲ್ಲಿ ಕುಳಿತು ಹೋಗುವ ಬಸ್ಸಿಗಿಂತ ಮಲಗಿ ಹೋಗುವ ಬಸ್ಸನ್ನೋ ರೈಲನ್ನೋ ಆರಿಸಿಕೊಳ್ಳುವುದು ಸುಲಭದ ಉಪಾಯಗಳು. ಕಬಕ ಪುತ್ತೂರು ನಿಲ್ದಾಣದಲ್ಲಿಯೂ ಕಡಬ ತಾಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿಯೂ ಬೆಂಗಳೂರಿನ ರೈಲು ದೊರೆಯುತ್ತದೆ. ಶೌಚಾಲಯವಿರುವುದೇ ರೈಲಿನ ದೊಡ್ಡ ಅನುಕೂಲ. ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾದೀತೆಂಬ ಸಂಕೋಚದಿಂದ ನಮ್ಮ ತಾಯಂದಿರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ಮೂತ್ರನಾಳದ ಸೋಂಕಿಗೂ ಮಲಬದ್ಧತೆಗೂ ಇದು ದಾರಿ. ರಾತ್ರಿ ಬಸ್ಸು ಎಲ್ಲಿ ನಿಲ್ಲುವುದೆಂದು ನಿರ್ವಾಹಕರನ್ನು ಮೊದಲೇ ಕೇಳಿಕೊಂಡರೆ ಈ ಭಯ ಅರ್ಧ ಕಡಿಮೆಯಾದೀತು.

ಬೆಳಗಿನ ಜಾವ ಬಸ್ಸಿಳಿದವರು ನೇರವಾಗಿ ಆಸ್ಪತ್ರೆಗೆ ಹೋಗಿ ತಪಾಸಣೆಗೆ ಕೂರುವುದುಂಟು. ನಿದ್ರೆಗೆಟ್ಟ ದೇಹದಲ್ಲಿ ರಕ್ತದೊತ್ತಡವೂ ಸಕ್ಕರೆಯೂ ಎಂದಿನಂತಿರುವುದಿಲ್ಲ. ಆ ಅಂಕಿಗಳನ್ನು ನೋಡಿ ಔಷಧ ಹೆಚ್ಚಿಸಿದರೆ ಊರಿಗೆ ಬಂದ ಮೇಲೆ ತಲೆಸುತ್ತು ಬಂದೀತು. ತಪಾಸಣೆಯನ್ನು ಮರುದಿನಕ್ಕೆ ಇಟ್ಟುಕೊಳ್ಳುವುದು ಮೇಲು. ಅದಾಗದಿದ್ದರೆ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿರುವುದಾಗಿ ವೈದ್ಯರಿಗೆ ಹೇಳಬೇಕು.

ಇನ್ನು ನಗರ ಸಂಚಾರದ ವಿಷಯ. ನಾವು ದೂರವನ್ನು ಕಿಲೋಮೀಟರಿನಲ್ಲಿ ಅಳೆಯುತ್ತೇವೆ. ಬೆಂಗಳೂರಿನವರು ಗಂಟೆಯಲ್ಲಿ ಅಳೆಯುತ್ತಾರೆ. ಪುತ್ತೂರಿನಿಂದ ಉಪ್ಪಿನಂಗಡಿಗೆ ಹೋಗುವಷ್ಟು ದೂರಕ್ಕೆ ಅಲ್ಲಿ ಸಂಜೆಯ ಹೊತ್ತು ಒಂದೂವರೆ ಗಂಟೆ ಕಾರಿನಲ್ಲಿ ಹೊಗೆ ಕುಡಿಯುತ್ತ ಕೂರಬೇಕಾದೀತು. ಆದ್ದರಿಂದ ಹೊರಗಿನಿಂದ ಹೋದವರಿಗೆ ಮೆಟ್ರೋ ರೈಲೇ ಉತ್ತಮ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಗಳ ನಡುವೆ ಆರಂಭವಾದ ನೇರಳೆ ಮಾರ್ಗ ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ವರೆಗೆ ಓಡುತ್ತದೆ. ಹಸಿರು ಮಾರ್ಗವು ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ. ಎರಡೂ ಕೂಡುವುದು ಮೆಜೆಸ್ಟಿಕ್‌ನಲ್ಲಿ, ಅಂದರೆ ಬಸ್ ನಿಲ್ದಾಣದ ಪಕ್ಕದಲ್ಲಿಯೇ. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿಯುವ ಸುಳ್ಯದವರಿಗೆ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣ ಹತ್ತಿರ. ಭಾನುವಾರ ಮಾತ್ರ ಮೆಟ್ರೋ ತಡವಾಗಿ ಆರಂಭವಾಗುತ್ತದೆಂಬುದನ್ನು ನೆನಪಿಡಬೇಕು. ಮೆಟ್ರೋ ಇಲ್ಲದ ಕಡೆಗೆ ನಗರ ಸಾರಿಗೆಯ ಬಸ್ಸುಗಳಿವೆ; ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣವಿದೆ, ಗುರುತಿನ ಚೀಟಿ ಕೈಯಲ್ಲಿರಬೇಕಷ್ಟೆ.

ಮೆಜೆಸ್ಟಿಕ್‌ನ ಮೆಟ್ರೋ ನಿಲ್ದಾಣ ನೆಲದಡಿ ಬಹು ಆಳಕ್ಕಿದೆ. ಒಂದು ಮಾರ್ಗದಿಂದ ಮತ್ತೊಂದಕ್ಕೆ ಹೋಗಲು ಸಾಕಷ್ಟು ನಡೆಯಬೇಕು. ಚಲಿಸುವ ಮೆಟ್ಟಿಲುಗಳ ಅಭ್ಯಾಸವಿಲ್ಲದ ಹಿರಿಯರು ಅದರ ಮುಂದೆ ಹಿಂಜರಿದು ನಿಲ್ಲುತ್ತಾರೆ, ಹಿಂದಿನವರು ನೂಕುತ್ತಾರೆ, ಬೀಳುತ್ತಾರೆ. ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಅದನ್ನು ಕೇಳಿ ಬಳಸುವುದರಲ್ಲಿ ನಾಚಿಕೆಯೇನೂ ಇಲ್ಲ. ಮಕ್ಕಳು ತಮ್ಮ ವೇಗದಲ್ಲಿ ಮುಂದೆ ಮುಂದೆ ಹೋಗಿ, ಅಪ್ಪ ಅಮ್ಮ ಹಿಂದೆ ಹಿಂದೆ ಓಡಿಬರುವ ದೃಶ್ಯ ಮಾತ್ರ ನೋಡಲು ಕಷ್ಟ.

ಒಂದು ದಿನಕ್ಕೆ ಎರಡು ತಾಣಗಳು ಸಾಕೆಂಬುದು ನಮ್ಮ ಖಚಿತ ಅಭಿಪ್ರಾಯ. ಬೆಳಗ್ಗೆ ಲಾಲ್‌ಬಾಗ್. ಹೈದರಾಲಿಯು 1760ರಲ್ಲಿ ಆರಂಭಿಸಿದ ಈ ತೋಟ ಇಂದು 240 ಎಕರೆಯಷ್ಟಿದೆ. 1889ರ ಗಾಜಿನ ಮನೆ ಅದರ ನಡುವಿನ ಆಕರ್ಷಣೆ. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಸಮೀಪ. ಕೆಂಪೇಗೌಡರ ಗೋಪುರವಿರುವ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಮಂಡಿನೋವಿನವರು ಅದನ್ನು ಕೆಳಗಿನಿಂದ ನೋಡಿದರೂ ಅದರ ವಯಸ್ಸೇನೂ ಕಡಿಮೆಯಾಗದು! ತೋಟದೊಳಗೆ ನಡೆಯಲಾರದವರಿಗೆ ಬ್ಯಾಟರಿ ವಾಹನಗಳಿವೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನದ ರಜಾದಿನಗಳಲ್ಲಿ ಅಲ್ಲಿ ವೃದ್ಧರಿಗೆ ಉಸಿರಾಡಲು ಜಾಗವಿರದಷ್ಟು ಜನಸಂದಣಿ. ನೋಡಲೇಬೇಕೆನ್ನುವವರು ವಾರದ ನಡುವಿನ ದಿನ ಬೆಳಗ್ಗೆಯೇ ಹೋಗಬೇಕು.

ಮಧ್ಯಾಹ್ನ ಉಂಡು ಒಂದು ಗಂಟೆ ಕಾಲು ಚಾಚಿ ಮಲಗಿ, ನಾಲ್ಕರ ಹೊತ್ತಿಗೆ ನೇರಳೆ ಮಾರ್ಗದಲ್ಲಿ ವಿಧಾನಸೌಧಕ್ಕೆ. ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ಎದ್ದು 1956ರಲ್ಲಿ ಪೂರ್ಣಗೊಂಡ ಆ ಕಲ್ಲಿನ ಸೌಧವನ್ನು ರಸ್ತೆಯಿಂದಲೇ ಕಣ್ತುಂಬ ನೋಡಬಹುದು. ಎದುರಿಗೆ ಅಠಾರಾ ಕಚೇರಿಯ ಕೆಂಪು ಕಟ್ಟಡ, ಅದರ ಹಿಂದೆ ಕಬ್ಬನ್ ಪಾರ್ಕಿನ ನೆರಳು, ಕೂರಲು ಕಲ್ಲುಬೆಂಚು. ಆಸ್ತಮಾ ಇರುವವರು ಇನ್‌ಹೇಲರನ್ನು ಕೈಚೀಲದಲ್ಲಿಯೇ ಇಟ್ಟುಕೊಂಡು, ವಾಹನ ಸಂದಣಿ ಏರುವ ಮೊದಲೇ ಮನೆ ಸೇರಲಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ನಮ್ಮೂರಿನಂತೆ ಮೈ ಬೆವರುವುದಿಲ್ಲ, ಬಾಯಾರಿಕೆ ತಿಳಿಯುವುದಿಲ್ಲ, ನೀರು ಕುಡಿಯುವುದು ಮರೆತೇ ಹೋಗುತ್ತದೆ. ಸಂಜೆಗೆ ತಲೆನೋವು ಬರುವುದು ಬಹಳಮಟ್ಟಿಗೆ ಇದರಿಂದಲೇ. ಡಿಸೆಂಬರ್, ಜನವರಿಯಲ್ಲಿ ಹೋಗುವವರು ಒಂದು ಸ್ವೆಟರ್ ಒಯ್ಯಬೇಕು. ಊಟದ ವಿಷಯದಲ್ಲಿ ಒಂದೇ ಮಾತು: ಕುಚ್ಚಲಕ್ಕಿಗೆ ಒಗ್ಗಿದ ಹೊಟ್ಟೆಗೆ ಮೂರು ಹೊತ್ತೂ ಹೋಟೆಲಿನ ಎಣ್ಣೆತಿಂಡಿ ಬೇಡ. ದರ್ಶಿನಿಗಳಲ್ಲಿ ನಿಂತೇ ತಿನ್ನಬೇಕಾದ್ದರಿಂದ ಹಿರಿಯರಿಗೆ ಕುರ್ಚಿಯಿರುವ ಹೋಟೆಲನ್ನು ಹುಡುಕುವುದು ಲೇಸು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು ಊಟಕ್ಕಾಗಿ ಗಂಟೆಗಟ್ಟಲೆ ಅಲೆದರೆ ಸಕ್ಕರೆ ಕುಸಿದು ಬೆವರು, ನಡುಕ, ಕಣ್ಣುಕತ್ತಲೆ ಬಂದೀತು; ಜೇಬಿನಲ್ಲಿ ಒಂದು ತುಂಡು ಬೆಲ್ಲವೋ ಗ್ಲೂಕೋಸೋ ಇರಲೇಬೇಕು.

ಔಷಧಗಳನ್ನು ಬಸ್ಸಿನ ಕೆಳಗಿನ ಸಾಮಾನುಪೆಟ್ಟಿಗೆಗೆ ಹಾಕಬಾರದು; ಅಲ್ಲಿಯ ಬಿಸಿಗೆ ಇನ್ಸುಲಿನ್ ಕೆಡುತ್ತದೆ. ಎರಡು ದಿನದ ಪ್ರವಾಸಕ್ಕೆ ಐದಾರು ದಿನದ ಮಾತ್ರೆ ಒಯ್ಯಿರಿ. ಇದು ಅತಿಯೆನಿಸಬಹುದು. ಆದರೆ 2018ರ ಆಗಸ್ಟಿನ ಭೂಕುಸಿತದಲ್ಲಿ ಸಂಪಾಜೆ ಮತ್ತು ಮಡಿಕೇರಿಗಳ ನಡುವಣ ಹೆದ್ದಾರಿ ಎಷ್ಟು ಕಾಲ ಮುಚ್ಚಿತ್ತೆಂಬುದನ್ನು ಸುಳ್ಯದವರಿಗೆ ನೆನಪಿಸಬೇಕಾಗಿಲ್ಲ. ಶಿರಾಡಿಯಲ್ಲಿಯೂ ಮಳೆಗಾಲದಲ್ಲಿ ಗುಡ್ಡ ಜರಿಯುವುದುಂಟು. ಹಿರಿಯರ ಜೇಬಿನಲ್ಲಿ ಹೆಸರು, ಕಾಯಿಲೆ, ಮಾತ್ರೆಗಳ ಹೆಸರು, ಮಕ್ಕಳ ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿ ಇರಲಿ. ಆಂಬುಲೆನ್ಸ್‌ಗೆ 108, ಇತರ ತುರ್ತು ನೆರವಿಗೆ 112.

ಹಿಂದಿರುಗುವಾಗ ಒಂದು ರಾತ್ರಿ ಅಲ್ಲಿಯೇ ನಿದ್ರಿಸಿ ಹಗಲಿನ ಬಸ್ಸಿನಲ್ಲಿ ಬನ್ನಿ. ಸ್ವಂತ ಕಾರಿನಲ್ಲಿ ಹೋದವರಿಗಂತೂ ಇದು ಕಡ್ಡಾಯ. ದಿನವಿಡೀ ಸುತ್ತಿದವನು ರಾತ್ರಿ ಘಟ್ಟವಿಳಿಯುವ ಸಾಹಸ ಮಾಡಬಾರದು. ಮನೆಗೆ ಬಂದ ನಂತರದ ಕೆಲವು ವಾರಗಳಲ್ಲಿ ಒಂದೇ ಕಾಲು ಊದಿ ಮೀನಖಂಡ ನೋಯತೊಡಗಿದರೆ ಎಣ್ಣೆ ತಿಕ್ಕುತ್ತ ಕೂರದೆ ಅಂದೇ ವೈದ್ಯರನ್ನು ಕಾಣಬೇಕು. ಹಠಾತ್ತನೆ ಉಸಿರುಗಟ್ಟಿದರೆ, ಎದೆನೋವು ಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.