ಆಗಸದ ಕಣ್ಣು, ಹೊಲದ ಮಣ್ಣು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಪಡೆಯುವ ಸೀಮೆಗೆ ಸೇರಿವೆ. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳಲ್ಲಿ ತಮ್ಮ ಭಾರವನ್ನು ಇಳಿಸಿ, ಇಲ್ಲಿಗೆ ಬರುವ ವೇಳೆಗೆ ಬರಿದಾಗಿರುತ್ತವೆ. ಇಲ್ಲಿನ ಮುಖ್ಯ ಬೆಳೆ ಶೇಂಗಾ. ಚಳ್ಳಕೆರೆಗೆ ಎಣ್ಣೆನಗರಿ ಎಂಬ ಹೆಸರು ಬಂದುದು ಈ ಬೆಳೆಯಿಂದಲೇ. ಮಳೆ ಕೆಲವು ವಾರ ತಡವಾದರೂ ರೈತನ ವರ್ಷದ ದುಡಿಮೆ ಮಣ್ಣುಪಾಲಾಗಬಹುದು.

ಇಷ್ಟು ವಿಶಾಲವಾದ ಸೀಮೆಯಲ್ಲಿ ಬೆಳೆ ಎಲ್ಲೆಲ್ಲಿ ಬಾಡಿದೆ ಎಂಬುದನ್ನು ಹೊಲಹೊಲ ತಿರುಗಿ ತಿಳಿಯುವಷ್ಟರಲ್ಲಿ ಸುಗ್ಗಿಯೇ ಕಳೆದಿರುತ್ತದೆ. ಈ ಕಾರ್ಯದಲ್ಲಿ ಉಪಗ್ರಹಗಳು ಮಾನವನಿಗೆ ನೆರವಾಗುತ್ತವೆ. ಭಾರತದ ಐ.ಆರ್.ಎಸ್. ಸರಣಿಯ ಮೊದಲ ದೂರಸಂವೇದಿ ಉಪಗ್ರಹವು 1988ರ ಮಾರ್ಚ್ 17ರಂದು ಕಕ್ಷೆಯನ್ನು ಸೇರಿತು.

ಉಪಗ್ರಹವು ಬೆಳೆಯನ್ನು ಗುರುತಿಸುವ ಬಗೆ ಸ್ವಾರಸ್ಯಕರವಾದುದು. ಆರೋಗ್ಯವಂತ ಎಲೆಯು ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಬಾಡಿದ ಎಲೆಯಲ್ಲಿ ಈ ಅಂತರ ಕುಗ್ಗುತ್ತದೆ. ಪ್ರತಿಫಲಿಸಿದ ಈ ಎರಡು ಕಿರಣಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಸಸ್ಯ ಸೂಚ್ಯಂಕ. ದಟ್ಟವಾದ ಹಸಿರಿದ್ದಲ್ಲಿ ಅದು 1ರತ್ತ ಏರುತ್ತದೆ. ಬರಿನೆಲದಲ್ಲಿ ಸೊನ್ನೆಯತ್ತ ಇಳಿಯುತ್ತದೆ.

ಒಂದು ವರ್ಷದ ಬರವನ್ನು ಕಂಡು ಹವಾಮಾನವೇ ಬದಲಾಯಿತೆಂದು ಹೇಳಲಾಗದು. ಅದಕ್ಕೆ ದಶಕಗಳ ದಾಖಲೆ ಬೇಕು. 1972ರಿಂದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು ತೆಗೆದ ಚಿತ್ರಗಳನ್ನು ಮಳೆಯ ಲೆಕ್ಕದೊಡನೆ ಹೋಲಿಸಿದರೆ ಹಸಿರು ಮೂಡುವ ಕಾಲ ಸರಿದಿದೆಯೇ, ಬೀಳುನೆಲ ಹೆಚ್ಚಿದೆಯೇ ಎಂಬುದನ್ನು ಪರಿಶೀಲಿಸಬಹುದು.

ಆದರೆ ಈ ಕಣ್ಣಿಗೂ ಮಿತಿಗಳುಂಟು. ಮುಂಗಾರಿನ ಮೋಡ ಹೊಲವನ್ನು ಮರೆಮಾಡುತ್ತದೆ. ರೇಡಾರ್ ಉಪಗ್ರಹಗಳು ಮೋಡವನ್ನು ಭೇದಿಸಿ ನೋಡಬಲ್ಲವಾದರೂ ನೆಲದೊಳಗಿನ ಕಾಯಿಯನ್ನು ಎಣಿಸಲಾರವು. ಶೇಂಗಾದ ಹೂವು ಫಲಿಸಿದ ಮೇಲೆ ಅದರಿಂದ ಹೊರಟ ಮೊನೆಯಂತಹ ಎಳೆಯೊಂದು ಮಣ್ಣಿಗಿಳಿದು ಕಾಯಿಯಾಗುತ್ತದೆ. ಆಗ ನೆಲ ಒಣಗಿ ಗಟ್ಟಿಯಾಗಿದ್ದರೆ ಆ ಎಳೆ ಒಳಹೋಗಲಾರದು. ಅನಂತರ ಮಳೆ ಬಂದು ಗಿಡ ಹಸಿರಾಗಿ ನಿಂತರೂ ಬುಡ ಬರಿದಾಗಿರಬಹುದು. ಆಗಸದಿಂದ ಸಮೃದ್ಧವಾಗಿ ಕಾಣುವ ಹೊಲ ಕಿತ್ತು ನೋಡಿದವನಿಗೆ ಬರವನ್ನೇ ತೋರಿಸೀತು.

ಇದು ಕೇವಲ ವಿಜ್ಞಾನದ ಪ್ರಶ್ನೆಯಲ್ಲ. ಬರ ಘೋಷಣೆಯಾದರೆ ಮಾತ್ರ ರೈತನಿಗೆ ಬರಪರಿಹಾರ ದೊರೆಯುತ್ತದೆ. ಆದುದರಿಂದಲೇ 2016ರ ಬರ ನಿರ್ವಹಣಾ ಕೈಪಿಡಿಯು ಮಳೆಯ ಕೊರತೆ, ಸಸ್ಯ ಸೂಚ್ಯಂಕ ಮುಂತಾದವುಗಳ ಜೊತೆಗೆ ಆಯ್ದ ಗ್ರಾಮಗಳ ಹೊಲಗಳನ್ನು ಕಣ್ಣಾರೆ ಪರೀಕ್ಷಿಸಬೇಕೆಂದು ವಿಧಿಸಿದೆ. ಉಪಗ್ರಹವು ಎಲ್ಲಿ ನೋಡಬೇಕೆಂಬುದನ್ನು ತೋರಿಸುತ್ತದೆ. ಅಲ್ಲಿ ಏನಾಗಿದೆ ಎಂಬುದನ್ನು ಗಿಡ ಕಿತ್ತು ನೋಡುವ ರೈತನ ಕೈಯೇ ಹೇಳಬೇಕು. ಇವೆರಡೂ ಕೂಡಿದಾಗ ಮಾತ್ರ ಅರಿವು ಪೂರ್ಣವಾಗುತ್ತದೆ, ನ್ಯಾಯವೂ ದೊರೆಯುತ್ತದೆ.