ಮಳಿಗೆ ಕರಾರಿನಲ್ಲಿ ‘ತಪ್ಪು’ ಎಂದರೇನು?

ಕಾಫಿಯನ್ನು ಮೂಟೆಯಲ್ಲಿ ಮಾರುವುದಕ್ಕಿಂತ ಲೋಟದಲ್ಲಿ ಮಾರಿದರೆ ನಾಲ್ಕು ಕಾಸು ಹೆಚ್ಚು ಉಳಿದೀತೆಂದು ಬೆಳೆಗಾರನಿಗೆ ಅನ್ನಿಸುವುದು ಸಹಜ. ಹೆಸರಾಂತ ಹೋಟೆಲಿನ ಹೆಸರನ್ನು ಹಣ ತೆತ್ತು ಬಳಸುವ ಏರ್ಪಾಡಿಗೆ ಫ್ರಾಂಚೈಸಿ ಎನ್ನುತ್ತಾರೆ. ಒಂದು ಪ್ರದೇಶದಲ್ಲಿ ಇಂತಿಷ್ಟು ಮಳಿಗೆಗಳನ್ನು ಇಂತಿಷ್ಟು ಅವಧಿಯೊಳಗೆ ತೆರೆಯುವುದಾಗಿ ಒಪ್ಪಿ, ಆ ಪ್ರದೇಶದ ಹಕ್ಕನ್ನು ಪಡೆದರೆ ಅದು ಅಭಿವೃದ್ಧಿ ಕರಾರು. ಇದರಲ್ಲಿ ಲಾಭದ ಪುಟಕ್ಕಿಂತ ಮೊದಲು ಓದಬೇಕಾದದ್ದು ತಪ್ಪಿನ ಪುಟ.

ಒಂದು ಉದಾಹರಣೆ ನೋಡೋಣ. ಬೆಳೆಗಾರರೊಬ್ಬರ ಮಗ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ವರ್ಷಕ್ಕೊಂದರಂತೆ ಮೂರು ಮಳಿಗೆ ತೆರೆಯಲು ಒಪ್ಪಿ ಶುಲ್ಕ ಕಟ್ಟುತ್ತಾನೆಂದು ಇಟ್ಟುಕೊಳ್ಳಿ. ಯಾದಗಿರಿ, ಶಹಾಪುರದ ಮಳಿಗೆಗಳು ಚೆನ್ನಾಗಿ ನಡೆಯುತ್ತವೆ. ಸುರಪುರದಲ್ಲಿ ಕಟ್ಟಡ ಸಿಗದೆ ಮೂರು ತಿಂಗಳು ತಡವಾಗುತ್ತದೆ. ಆಗ ಮೂರು ಪ್ರಶ್ನೆ ಏಳುತ್ತವೆ: ಸುರಪುರದ ಹಕ್ಕು ಮಾತ್ರ ಹೋಗುತ್ತದೆಯೆ? ಇಡೀ ಪ್ರದೇಶದ ಹಕ್ಕು ಹೋಗುತ್ತದೆಯೆ? ಅಥವಾ ನಡೆಯುತ್ತಿರುವ ಎರಡು ಮಳಿಗೆಗಳೂ ಹೋಗುತ್ತವೆಯೆ? ಉತ್ತರ ಕರಾರಿನ ಮಾತಿನಲ್ಲಿದೆ. ಸಹಿಗೆ ಮುನ್ನ ಈ ಅಂಶಗಳನ್ನು ಗಮನಿಸತಕ್ಕದ್ದು:

1. ಗಡುವು. ಯಾದಗಿರಿಗೆ ರೈಲು ನಿಲ್ದಾಣವಿದೆ, ಉಳಿದೆರಡು ಪೇಟೆಗಳಿಗಿಲ್ಲ. ನಾರಾಯಣಪುರ ಕಾಲುವೆಯ ನೀರಿನ ಆ ಸೀಮೆಯಲ್ಲಿ ವ್ಯಾಪಾರ ಸುಗ್ಗಿಯನ್ನು ನೋಡಿ ಏರಿಳಿಯುತ್ತದೆ. ಎಲ್ಲ ಊರಿಗೂ ಒಂದೇ ಅಳತೆಯ ಗಡುವಿಗೆ ಒಪ್ಪಬಾರದು.

2. ನೋಟೀಸು ಮತ್ತು ಸರಿಪಡಿಸುವ ಅವಕಾಶ. ತಪ್ಪನ್ನು ಬರಹದಲ್ಲಿ ತಿಳಿಸಿ, ತಿದ್ದಿಕೊಳ್ಳಲು ಇಂತಿಷ್ಟು ದಿನ ಕೊಡಬೇಕೆಂಬ ಮಾತು ಇರಲೇಬೇಕು.

3. ತಪ್ಪುಗಳ ಕೊಂಡಿ. ಒಂದು ಮಳಿಗೆಯ ತಪ್ಪು ಎಲ್ಲ ಮಳಿಗೆಗಳ ತಪ್ಪೆಂದು ಬರೆದಿದ್ದರೆ ಅದನ್ನು ತೆಗೆಸಿರಿ.

4. ಕೈಮೀರಿದ ಸಂಗತಿ. 2020ರ ಲಾಕ್‌ಡೌನಿನಂಥ ಕಾಲಕ್ಕೆ ಗಡುವು ತಾನಾಗಿ ಮುಂದಕ್ಕೆ ಹೋಗಬೇಕು.

5. ಜಾಮೀನು. ಮಗನ ಕರಾರಿಗೆ ತಂದೆ ಜಾಮೀನು ನಿಂತರೆ, 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನಂತೆ, ಬೇರೆ ಮಾತು ಬರೆದಿಲ್ಲದಿದ್ದಲ್ಲಿ, ಮಗನಷ್ಟೇ ಹೊಣೆ ತಂದೆಗೂ ಬರುತ್ತದೆ. ಸುರಪುರದ ಬಾಗಿಲು ತಡವಾಗಿ ತೆರೆದದ್ದಕ್ಕೆ ಮಲೆನಾಡಿನ ತೋಟ ಉತ್ತರ ಹೇಳಬೇಕಾಗುವುದು ಹೀಗೆ. ಜಾಮೀನಿಗೆ ಮೊತ್ತದ ಮಿತಿಯನ್ನೂ ಅವಧಿಯನ್ನೂ ಬರೆಸಿರಿ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. ಆದರೂ ಕರಾರು ಕಾಯಿದೆಯಲ್ಲಿ ಸ್ವಲ್ಪ ಆಸರೆಯಿದೆ. 74ನೇ ಕಲಮಿನ ಪ್ರಕಾರ ದಂಡವೆಂದು ಎಷ್ಟೇ ಬರೆದಿದ್ದರೂ, ಆ ಮೊತ್ತವನ್ನು ಮೀರದಂತೆ, ನ್ಯಾಯವಾದ ಪರಿಹಾರವಷ್ಟೇ ಸಲ್ಲುತ್ತದೆ. ಕರಾರು ಮುಗಿದ ಮೇಲೂ ಆ ವ್ಯಾಪಾರವನ್ನೇ ಮಾಡಕೂಡದೆಂಬ ನಿರ್ಬಂಧ 27ನೇ ಕಲಮಿನಡಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕರಾರು ಚಾಲ್ತಿಯಲ್ಲಿರುವಾಗಿನ ನಿರ್ಬಂಧ ನಿಲ್ಲುತ್ತದೆಂದು ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದೆ.

ದೊಡ್ಡವರಿಗೂ ಈ ತೊಡಕು ತಪ್ಪಿದ್ದಲ್ಲ. ಉತ್ತರ ಮತ್ತು ಪೂರ್ವ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಹೋಟೆಲುಗಳನ್ನು ನಡೆಸುತ್ತಿದ್ದ ಕನಾಟ್ ಪ್ಲಾಜಾ ರೆಸ್ಟೊರೆಂಟ್ಸ್ ಕಂಪೆನಿಯ ಮೇಲೆ, ರಾಯಧನ ಸಲ್ಲಿಸದಿರುವುದೂ ಸೇರಿದಂತೆ ಕರಾರು ಭಂಗದ ಆರೋಪ ಹೊರಿಸಿ, ಮೆಕ್‌ಡೊನಾಲ್ಡ್ಸ್ 2017ರ ಆಗಸ್ಟಿನಲ್ಲಿ 169 ಹೋಟೆಲುಗಳ ಫ್ರಾಂಚೈಸಿಯನ್ನು ಒಟ್ಟಿಗೇ ರದ್ದುಪಡಿಸಿತು. ಪಾಲುದಾರ ವಿಕ್ರಮ್ ಬಕ್ಷಿಯವರೊಂದಿಗೆ 2013ರಿಂದ ನಡೆದಿದ್ದ ವ್ಯಾಜ್ಯ 2019ರ ಮೇ ತಿಂಗಳಲ್ಲಿ ರಾಜಿಯಾಗಿ, ಅವರು ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಅಷ್ಟು ವರ್ಷ ವಕೀಲರನ್ನಿಟ್ಟು ಹೋರಾಡುವ ಶಕ್ತಿ ಐದೆಕರೆ ತೋಟದವನಿಗೆಲ್ಲಿಯದು?

ಕೊನೆಯದಾಗಿ, ವ್ಯಾಜ್ಯ ಎಲ್ಲಿ ತೀರ್ಮಾನವಾಗಬೇಕೆಂಬುದನ್ನೂ ನೋಡಿರಿ. ಪಂಚಾಯಿತಿಯ ಸ್ಥಳ ದೆಹಲಿ ಅಥವಾ ಮುಂಬಯಿ ಎಂದಿದ್ದರೆ ಬೆಂಗಳೂರಿಗೆ ಬದಲಿಸಲು ಕೇಳಿರಿ. ಕರಾರನ್ನು ನಿಮ್ಮ ವಕೀಲರಿಂದ ಕನ್ನಡದಲ್ಲಿ ವಿವರವಾಗಿ ಹೇಳಿಸಿಕೊಳ್ಳಿರಿ. ಶುಲ್ಕ ಕಟ್ಟುವುದು ಆಮೇಲಿನ ಮಾತು. ತೋಟದ ಪತ್ರವಂತೂ ಪೆಟ್ಟಿಗೆಯಲ್ಲೇ ಇರಲಿ.